ಒಬ್ಬರು ಕೇಳುತ್ತಿದ್ದಾರೆ

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾದ ಮೊದಲ ಭಾನುವಾರ ನಮ್ಮ ಮನೆಯ ಹಾಸಿಗೆ ಹೊದಿಕೆಗಳೆಲ್ಲ ತಾರಸಿಗೆ ಹೋಗಬೇಕು. ಇದು ನಾನು ಮಾಡಿದ ಕಾನೂನು. ತಿಂಡಿ ಮುಗಿದೊಡನೆ ಹೊತ್ತು ಹಾಕುವುದು, ಮಧ್ಯಾಹ್ನ ಒಮ್ಮೆ ಮಗುಚುವುದು, ಬಿಸಿಲು ಇಳಿಯುವ ಮೊದಲು ಮಡಿಸಿ ತರುವುದು. ಈ ವರ್ಷವೂ ಹಾಗೆಯೇ ಮಾಡಿದೆ. ಮಗುಚುತ್ತಾ ಕರಿ ಕಂಬಳಿಯ ಹತ್ತಿರ ಬಂದಾಗ ಕಾದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಿಸಿಲಿಗೆ ಹಾಕಿದ ಕಂಬಳಿ ಎಲ್ಲರ ಮನೆಯಲ್ಲೂ ಅದೇ ವಾಸನೆ ಕೊಡುತ್ತದೆ, ನಿಮಗೂ ಗೊತ್ತು. ಆದರೆ ನನಗೆ ಅದು ಬಂದರೆ ಮೊದಲು ಹೆದರಿಕೆಯಾಗುತ್ತದೆ. ಕೈ ತಾನಾಗಿಯೇ ಕಂಬಳಿಯ ಅಂಚಿಗೆ ಹೋಗಿ ಮೊಳೆಯ ತೂತುಗಳನ್ನು ಹುಡುಕುತ್ತದೆ. ಒಂದು ಕಾಲದಲ್ಲಿ ಈ ಕಂಬಳಿಯನ್ನು ನಮ್ಮ ಹಿಂದಿನ ಕೋಣೆಯ ಕಿಟಕಿಗೆ ಮೊಳೆ ಹೊಡೆದು ಬಿಗಿದಿದ್ದೆವು. ಆ ಕೋಣೆಯೊಳಗೆ ಒಂದು ರೇಡಿಯೋ ಸ್ಟೇಷನ್ ಇತ್ತು.

ತಮಾಷೆಯಲ್ಲ. ಮಾರೇನಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ, ಅಕ್ಕಿ ಡ್ರಮ್ಮಿಗೂ ಹೊಲಿಗೆ ಯಂತ್ರಕ್ಕೂ ನಡುವೆ, ನಿಜವಾದ ರೇಡಿಯೋ ಸ್ಟೇಷನ್. ಅದನ್ನು ಕಟ್ಟಿದವನು ನನ್ನ ಬಾಮೈದ ನಾಗೇಶ. ಅದರಲ್ಲಿ ಮಾತಾಡುತ್ತಿದ್ದವಳು ನನ್ನ ಹೆಂಡತಿ ಗೌರಿ. ಬಾಗಿಲಲ್ಲಿ ನಿಂತು ಬೆವರುತ್ತಿದ್ದವನು ನಾನು.

ನನ್ನ ಬೆವರಿನ ಕಾರಣ ತಿಳಿಯಬೇಕಾದರೆ ನೀವು ನನ್ನ ನೌಕರಿಯ ಮೊದಲ ವರ್ಷಗಳಿಗೆ ಬರಬೇಕು. ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಆಗೆಲ್ಲ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಬಂದು ಶುಲ್ಕ ಕಟ್ಟಿ ಮುದ್ರೆ ಹಾಕಿಸಿಕೊಳ್ಳಬೇಕು. ಕಟ್ಟದವರನ್ನು ಹಿಡಿಯಲು ಒಬ್ಬ ಇನ್‌ಸ್ಪೆಕ್ಟರ್ ಇದ್ದರು. ರಾಜಾಜಿನಗರದ ಬೀದಿಗಳಿಗೆ ಅವರು ಹೊರಟಾಗ ಜೊತೆಗೆ ನನ್ನನ್ನು ಕಳಿಸುತ್ತಿದ್ದರು. ಅವರದೊಂದು ಪದ್ಧತಿ. ಬಾಗಿಲು ತಟ್ಟುತ್ತಿರಲಿಲ್ಲ. ಕಿಟಕಿಯ ಪಕ್ಕದ ಗೋಡೆಗೆ ಒರಗಿ, ಒಳಗೆ ಹಾಡು ಬರುತ್ತಿದ್ದರೆ ಪೂರ್ತಿ ಕೇಳುತ್ತಾ ನಿಲ್ಲುತ್ತಿದ್ದರು. ನಾನು ಅವಸರಪಟ್ಟರೆ, "ಪಾಪ, ಹಾಡು ಮುಗೀಲಿ ಕಣಯ್ಯ" ಎನ್ನುವರು. ಮುಗಿದ ಮೇಲೆಯೇ ಕದ ತಟ್ಟುವುದು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನಾವು ಒಳಗೆ ಬರುವಷ್ಟರಲ್ಲಿ ರೇಡಿಯೋದ ಮೇಲೆ ಕಂಬಳಿ ಎಳೆದು, ಪಕ್ಕದಲ್ಲಿ ಕೂತು ಅವರೇಕಾಯಿ ಸುಲಿಯತೊಡಗಿದ್ದರು. ಆಗಿನ ಸೆಟ್ಟುಗಳು ಒಲೆಯಂತೆ ಕಾಯುತ್ತಿದ್ದವು. ಕೋಣೆಯ ತುಂಬ ಕಾದ ಉಣ್ಣೆಯ ವಾಸನೆ. ಅಜ್ಜಿಯ ಬೆರಳುಗಳು ಕಾಯಿ ಬಿಡಿಸಲಾಗದೆ ನಡುಗುತ್ತಿದ್ದವು.

ಆ ಲೈಸೆನ್ಸ್ ಹೋಗಿ ಬಹಳ ಕಾಲವಾಯಿತು. ಆದರೆ ಕೇಳುವುದಕ್ಕೇ ಅನುಮತಿ ಬೇಕಿದ್ದ ಕಾಲದಲ್ಲಿ ಮುದ್ರೆ ಒತ್ತಿದವನಿಗೆ, ಮಾತಾಡುವುದಕ್ಕೆ ಯಾರ ಅನುಮತಿಯೂ ಬೇಡವೆಂದರೆ ನಂಬುವುದು ಹೇಗೆ?

ಆಗ ಎರಡು ಸಾವಿರದ ಐದನೇ ಇಸವಿ ದಾಟಿತ್ತು. ಟೆಲಿಫೋನ್ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ನಮ್ಮ ಬೀದಿಗೆ ಹೊಸದಾಗಿ ಬಂದಿತ್ತು. ಗೌರಿಯ ಕುತ್ತಿಗೆಯ ಮುಂದೆ ಒಂದು ಗಂಟು ಕಾಣಿಸಿಕೊಂಡದ್ದೂ ಆಗಲೇ. ಮೊದಲು ಸರದ ನೆರಳಿರಬೇಕು ಅಂದುಕೊಂಡೆ. ಸರ ಬಿಚ್ಚಿಟ್ಟ ಮೇಲೂ ಅಲ್ಲೇ ಇತ್ತು. ಡಾಕ್ಟರು ನಿಧಾನವಾಗಿ ಎಲ್ಲ ಹೇಳಿದರು. ಥೈರಾಯ್ಡ್ ಗ್ರಂಥಿಯನ್ನು ತೆಗೆಯಬೇಕು, ಗಂಟು ಎಂಥದ್ದೆಂದು ತೆಗೆದು ಪರೀಕ್ಷಿಸಿದ ಮೇಲೆಯೇ ಖಚಿತ. ಧ್ವನಿಯ ನರ ಗ್ರಂಥಿಗೆ ಅಂಟಿಕೊಂಡಂತೆಯೇ ಹಾದುಹೋಗುತ್ತದೆ, ನಾವು ಜೋಪಾನ ಮಾಡುತ್ತೇವೆ, ಆದರೂ ದನಿ ಬದಲಾಗಬಹುದು, ಕೆಲವರಿಗೆ ಹೋಗಿಬಿಡಲೂಬಹುದು. ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದು ನಿಗದಿಯಾಯಿತು.

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಗೌರಿಯ ದನಿಯ ವಿಷಯ ನಿಮಗೆ ಹೇಳಬೇಕು. ಅವಳು ಅತ್ತಿಗುಪ್ಪೆಯ ಒಕ್ಕಲು ಮನೆಯ ಹೆಣ್ಣುಮಗಳು. ಅಲ್ಲಿ ರಾಗಿ ಹೊಲಗಳಿದ್ದ ಕಾಲದಲ್ಲಿ, ಹೊಲದ ಈ ಕೊನೆಯಿಂದ ಆ ಕೊನೆಗೆ ಕೂಗಿ ಕರೆದು ಬೆಳೆದ ಗಂಟಲು ಅದು. ಮದುವೆಯಾದ ಹೊಸದರಲ್ಲಿ ನನಗೆ ಅದರಿಂದ ಮುಜುಗರವಾಗುತ್ತಿತ್ತು. ಅಡುಗೆಮನೆಯಿಂದ ಕರೆದರೆ ಪಕ್ಕದ ಮನೆಯವರೂ ಓಗೊಡುವಂತಿತ್ತು. ಅದಕ್ಕೇ ನಾನೊಂದು ಶಿಸ್ತು ಹಾಕಿಕೊಂಡೆ. ಮೊದಲ ಕರೆಗೇ ಉತ್ತರ, ಎರಡನೆಯ ಸಲ ಕರೆಯಲು ಅವಕಾಶವನ್ನೇ ಕೊಡಬಾರದು. ಆ ಶಿಸ್ತನ್ನು ಎಂದೂ ತಪ್ಪಿರಲಿಲ್ಲ.

ಆ ಭಾನುವಾರ ಕೆಂಗೇರಿಯಿಂದ ನಾಗೇಶ ಬಂದ. ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿ ಕೂತಿದ್ದ ಆಸಾಮಿ. ಕೈಗೆ ಸಿಕ್ಕಿದ ಯಂತ್ರ ಬಿಚ್ಚುವುದು ಅವನ ಹವ್ಯಾಸ, ಮತ್ತೆ ಜೋಡಿಸುವುದು ಅವನ ಕಷ್ಟ. ಇಂಟರ್ನೆಟ್ಟಿನಲ್ಲಿ ಮನೆಯಿಂದಲೇ ರೇಡಿಯೋ ನಡೆಸಬಹುದು ಎಂದು ಅವನು ಎಂದೋ ಬಾಯಿ ತಪ್ಪಿ ಹೇಳಿದ್ದನಂತೆ. ಗೌರಿ ಅದನ್ನೇ ಹಿಡಿದಳು. ಅತ್ತಿಗುಪ್ಪೆಯಲ್ಲಿ ಯಾವ ಬಾವಿ ಎಲ್ಲಿತ್ತು, ಯಾವ ರಸ್ತೆಯಡಿ ಯಾರ ಹೊಲ ಮಲಗಿದೆ, ಅತ್ತೆಯರು ರಾಗಿ ಬೀಸುವಾಗ ಏನೇನು ಹಾಡುತ್ತಿದ್ದರು, ಅದನ್ನೆಲ್ಲ ಹೇಳಬೇಕಂತೆ. ಈ ಸ್ಥಿತಿಯಲ್ಲಿ ಗಂಟಲಿಗೆ ದಣಿವು ಮಾಡಬಾರದು ಎಂದು ನಾನು ಅಡ್ಡ ಬಂದೆ.

"ಹೋಗೋದೇ ಆದ್ರೆ ಖರ್ಚು ಮಾಡಿ ಮುಗಿಸ್ಬಿಡ್ತೀನಿ ಬಿಡ್ರೀ" ಎಂದಳು. "ಇದೇನು ನಿಮ್ಮ ಪೋಸ್ಟಾಫೀಸಲ್ಲಿ ಡಿಪಾಸಿಟ್ ಇಡಕ್ಕಾಗತ್ತಾ?"

ನಾಗೇಶ ನಕ್ಕ. ನನಗೆ ನಗು ಬರಲಿಲ್ಲ.

ಹೀಗೆ ಸ್ಟೇಷನ್ ಶುರುವಾಯಿತು. ನಾಗೇಶ ಒಂದು ಹಳೆಯ ಕಂಪ್ಯೂಟರ್ ತಂದ, ಮೈಕಿಗೆ ಸ್ಪಂಜಿನ ಟೋಪಿ ಹಾಕಿದ, ಆಟೋ ಸದ್ದು ಬಾರದಿರಲೆಂದು ಕಿಟಕಿಗೆ ಕಂಬಳಿ ಹೊಡೆದ. ಇಲ್ಲಿ ಆಡಿದ ಮಾತು ತಂತಿಯಲ್ಲಿ ಯಾವುದೋ ದೇಶದ ಯಂತ್ರಕ್ಕೆ ಹೋಗಿ, ಅಲ್ಲಿಂದ ಕೇಳುವವರ ಮನೆಗೆ ಬರುತ್ತದೆ, ಅದಕ್ಕೇ ಸ್ವಲ್ಪ ತಡ ಎಂದು ವಿವರಿಸಿದ. ಬೇರೆ ದೇಶ ಎಂದೊಡನೆ ನಾನು ಹೋಗಿ ಬೀದಿ ಬಾಗಿಲು ಹಾಕಿ ಬಂದೆ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಇತ್ತು. ಈಗ ಎಷ್ಟು ಜನ ಕೇಳುತ್ತಿದ್ದಾರೆ ಎಂದು ತೋರಿಸುವ ಅಂಕಿ. ಮೊದಲ ಸಂಜೆ ಆರು ಗಂಟೆಗೆ ಗೌರಿ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದಾಗ ಆ ಅಂಕಿ ಒಂದು ಎಂದು ತೋರಿಸಿತು.

"ನೋಡಕ್ಕ, ಯಾರೋ ಒಬ್ರು ಕೇಳ್ತಿದಾರೆ" ಎಂದು ನಾಗೇಶ ಪಿಸುಗುಟ್ಟಿದ.

ಗೌರಿಯ ಮುಖ ಅರಳಿತು. ನಾನು ಬೀದಿ ಬಾಗಿಲ ಕಡೆ ತಿರುಗಿ ನೋಡಿದೆ. ಯಾರಿಗೂ ಹೇಳಿರಲಿಲ್ಲ, ಯಾರಿಗೂ ತಿಳಿದಿರಲಿಲ್ಲ. ಆದರೂ ಒಬ್ಬರು ಕೇಳುತ್ತಿದ್ದರು. ಮರುದಿನವೂ ಒಂದು. ಅದರ ಮರುದಿನವೂ ಒಂದು. ಇಷ್ಟಪಟ್ಟು ಕೇಳುವವರಾದರೆ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ, ಅಂಕಿ ಏರುತ್ತದೆ. ಒಂದು ದಿನ ಬಿಡುವಾಗದೆ ಇಳಿಯುತ್ತದೆ. ದಿನವೂ ತಪ್ಪದೆ, ಶುರುವಿನಿಂದ ಕೊನೆಯವರೆಗೆ, ಒಂದು ಮಾತೂ ಆಡದೆ ಕೇಳುವವನು ಯಾರು? ನನಗೆ ಗೊತ್ತಿತ್ತು, ಲೈಸೆನ್ಸ್ ಹುಡುಕುವ ಇನ್‌ಸ್ಪೆಕ್ಟರ್. ಒಂದು ಕಾಲಕ್ಕೆ ಅಂಥವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದವನು ನಾನು. ಅವನು ಹಾಡು ಮುಗಿಯಲಿ ಎಂದು ಕಾಯುತ್ತಿದ್ದಾನೆ.

ಅಂದಿನಿಂದ ಸಂಜೆ ನನ್ನ ಜಾಗ ಗೇಟಿನ ಬಳಿ. ಕರೆಗಂಟೆಯ ಸ್ವಿಚ್ಚನ್ನು ಆರಿಸುತ್ತಿದ್ದೆ. ಕಾರ್ಯಕ್ರಮಕ್ಕೆ ಅಡ್ಡಿಯಾಗಬಾರದೆಂದು ಹೇಳಿದ್ದೆ, ನಿಜವೆಂದರೆ ಆ ಗಂಟೆ ಹೊಡೆದೀತೆಂಬ ಭಯ. ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿಕೊಂಡವನು ಬೀದಿಗೆ ತಿರುಗಿದರೆ ಗೇಟಿನ ಚಿಲಕ ಹಾಕುತ್ತಿದ್ದೆ. ಒಂದು ಸಂಜೆ ಖಾಕಿ ಅಂಗಿಯವನೊಬ್ಬ ನಮ್ಮ ಮನೆಯೆದುರಿನ ಕಂಬದ ಬಳಿ ನಿಂತು, ತಂತಿಯನ್ನೇ ಕಣ್ಣಿನಿಂದ ಹಿಂಬಾಲಿಸುತ್ತಾ ನಮ್ಮ ಸೂರಿನವರೆಗೆ ಬಂದ. ನಾನು ಗೇಟು ಹಿಡಿದುಕೊಂಡೆ.

"ಸಾರ್, ನಿಮ್ಮ ಲೈನ್ ಸರಿ ಇದೆಯಾ?" ಎಂದ.

ಇದೆ ಎಂದೆ. ಇಲ್ಲ ಎಂದೆ. ಲೈನೇ ಇಲ್ಲ ಎಂದೂ ಹೇಳಿದೆನಂತೆ, ಆಮೇಲೆ ಎದುರುಮನೆಯವರು ಹೇಳಿ ನಕ್ಕರು. ಅವರ ಟೆಲಿಫೋನ್ ರಿಪೇರಿಗೆ ಬಂದ ಲೈನ್‌ಮನ್ ಅವನು. ನೀರು ಕೇಳಿ ಕುಡಿದು ಹೋದ. ಲೋಟ ಹಿಂದಕ್ಕೆ ತೆಗೆದುಕೊಳ್ಳುವಾಗ ನನ್ನ ಬೆರಳುಗಳನ್ನು ನೋಡಿಕೊಂಡೆ. ಆ ಅಜ್ಜಿಯ ಬೆರಳುಗಳಂತೆಯೇ ಇದ್ದವು.

ದೀಪಾವಳಿ ಬಂತು, ಹೋಯಿತು. ಆಪರೇಷನ್ನಿನ ದಿನ ಗೌರಿಯನ್ನು ಒಳಗೆ ಕರೆದೊಯ್ದ ಮೇಲೆ ನಾನು, ನಾಗೇಶ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಏನಾದರೂ ಮಾತಾಡಬೇಕೆಂದು ನಾನು ಅದೇ ಇನ್‌ಸ್ಪೆಕ್ಟರ ವಿಷಯ ತೆಗೆದೆ. ಸ್ಟೇಷನ್ ನಿಂತಿದೆ, ಇನ್ನು ಅವನು ಮನೆಗೆ ಬರುತ್ತಾನೆ, ಬಂದರೆ ಏನು ಹೇಳೋಣ ಎಂದು ಕೇಳಿದೆ. ನಾಗೇಶ ಬೆಂಚಿನಲ್ಲಿ ನನ್ನ ಕಡೆ ಸರಿದು ಕೂತ.

"ಭಾವ, ಆ ಒಬ್ರು ನಾನೇ" ಎಂದ. "ಮನೇಲಿ ಇನ್ನೊಂದು ಕಂಪ್ಯೂಟರಲ್ಲಿ ನಮ್ಮ ಸ್ಟೇಷನ್ ಹಾಕಿಟ್ಟು, ಬೀಗ ಹಾಕ್ಕೊಂಡು ಇಲ್ಲಿಗೆ ಬರ್ತಿದ್ದೆ. ಸೊನ್ನೆ ತೋರ್ಸಿದ್ರೆ ಅಕ್ಕ ಮಾತಾಡ್ತಿದ್ಲಾ?"

ನನಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಇನ್‌ಸ್ಪೆಕ್ಟರು ನನ್ನ ಎದೆಯಲ್ಲಿ ಜಾಗ ಹಿಡಿದು ಕೂತಿದ್ದರು, ಬೇರೊಂದನ್ನು ಒಳಗೆ ಬಿಟ್ಟಿರಲಿಲ್ಲ. ಅವರು ಎದ್ದುಹೋದ ಜಾಗಕ್ಕೆ ಈಗ ಆ ಬೇರೊಂದು ಬಂದು ಕೂತಿತು. ಮುಚ್ಚಿದ ಬಾಗಿಲ ಮೇಲಿನ ದೀಪವನ್ನು ನೋಡುತ್ತಾ ಆಸ್ಪತ್ರೆಯ ಬೆಂಚಿನಲ್ಲಿ ನಾನು ಮೊದಲ ಬಾರಿಗೆ ನಿಜವಾಗಿ ಹೆದರಿದೆ. ಇನ್ನೂ ಒಂದು ವಿಷಯ ಆಗಲೇ ಹೊಳೆಯಿತು. ಗೌರಿಯ ಆ ತುಂಬು ದನಿ ಅಷ್ಟೂ ಸಂಜೆ ಸಮುದ್ರ ದಾಟಿ ಹೋಗಿ ಬಂದು, ಕೆಂಗೇರಿಯ ಬೀಗ ಹಾಕಿದ ಕೋಣೆಯಲ್ಲಿ ಖಾಲಿ ಕುರ್ಚಿಗೆ ಮಾತಾಡಿತ್ತು. ನಾನು ಗೇಟಿನಲ್ಲಿದ್ದೆ. ರೆಕಾರ್ಡು ಮಾಡಿಲ್ಲವೇ ಎಂದು ಕೇಳಿದೆ. ನಾಗೇಶ ಇಲ್ಲವೆಂದು ತಲೆ ಅಲ್ಲಾಡಿಸಿದ.

ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ಆದರೆ ದನಿಯ ಬಗ್ಗೆ ಡಾಕ್ಟರು ಕಾದು ನೋಡೋಣ ಎಂದಷ್ಟೇ ಹೇಳಿದರು. ಗೌರಿ ಕೈಸನ್ನೆಯಲ್ಲಿ ಮನೆ ನಡೆಸಿದಳು. ಆ ನಿಶ್ಶಬ್ದದಲ್ಲಿ ನಾನು ಚಪಾತಿಯ ಹಂಚು ಇಡುವ ಸದ್ದಿಗೂ ಬೆಚ್ಚುತ್ತಿದ್ದೆ. ಮಾತಾಡಬಹುದು ಎಂದ ದಿನ ಅವಳ ಬಾಯಿಂದ ಬಂದದ್ದು ಮಾತಲ್ಲ, ಸೈಕಲ್ ಟ್ಯೂಬಿನಿಂದ ಹೊರಡುವ ಗಾಳಿಯಂಥದ್ದು. ದಿನ ಕಳೆದಂತೆ ಅದರೊಳಗೆ ಒಂದು ಗೊಗ್ಗರು ದನಿ ಮೂಡಿತು. ಅಷ್ಟು ಬಂದದ್ದೇ ತಡ, ನಾಳೆ ಆರು ಗಂಟೆಗೆ ಸ್ಟೇಷನ್ ಹಾಕು ಎಂದು ತಮ್ಮನಿಗೆ ಹೇಳಿಬಿಟ್ಟಳು.

"ಒಬ್ರು ಕಾಯ್ತಾ ಇರ್ತಾರೆ ಕಣೋ" ಎಂದಳು, ಆ ಗೊಗ್ಗರಿನಲ್ಲೇ.

ನಾಗೇಶ ನನ್ನನ್ನು ಹಿತ್ತಲಿಗೆ ಕರೆದ. ಸಿಡಿಲು ಹೊಡೆದು ಕೆಂಗೇರಿ ಮನೆಯ ಮೋಡೆಮ್ ಸುಟ್ಟಿದೆ, ನಾಳೆ ಸೊನ್ನೆ ತೋರಿಸುತ್ತದೆ ಎಂದ. ಅವಳಿಗೆ ನಿಜ ಹೇಳಿಬಿಡೋಣ ಎಂದೂ ಅವನೇ ಹೇಳಿದ. ನನ್ನ ಕಣ್ಣ ಮುಂದೆ ಅವಳ ಮುಖ ಬಂತು. ಅದೂ ಈ ದನಿಯಲ್ಲಿ, ಸೊನ್ನೆಯ ಎದುರು. ಬೇಡ, ಸ್ಟೇಷನ್ನಿನ ವಿಳಾಸ ನನಗೆ ಬರೆದುಕೊಡು ಎಂದೆ.

ಮರುದಿನ ಕರಿಬೇವು ತರುತ್ತೇನೆಂದು ಚೀಲ ಹಿಡಿದು ಹೊರಟೆ. ಅದು ತರಕಾರಿಯ ಹೊತ್ತಲ್ಲ ಎಂದು ಗೌರಿ ಹುಬ್ಬೇರಿಸಿದಳು. ಮಾರ್ಕೆಟ್ಟಿನ ಹತ್ತಿರ ಮಹಡಿಯ ಮೇಲೊಂದು ಬ್ರೌಸಿಂಗ್ ಸೆಂಟರ್ ಇತ್ತು. ಧಾರವಾಡ ಕಡೆಯ ಹೆಣ್ಣುಮಗಳೊಬ್ಬಳು ಅದನ್ನು ನೋಡಿಕೊಳ್ಳುತ್ತಿದ್ದಳು. ಬಸ್ ಟಿಕೆಟ್ಟಿನ ಹಿಂದೆ ನಾಗೇಶ ಗೀಚಿಕೊಟ್ಟ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಒತ್ತಿದೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಏನೂ ಕೇಳಿಸಲಿಲ್ಲ. ಯಾರೋ ಭುಜ ಮುಟ್ಟಿದರು.

"ವಯರ್ ಹಚ್ಚೇ ಇಲ್ರಿ ಸರ" ಎಂದು ಅವಳು ತಾನೇ ಚುಚ್ಚಿ ಕೊಟ್ಟಳು.

ಒಮ್ಮೆಗೇ ಗೌರಿ ಕಿವಿಯೊಳಗೆ ಬಂದಳು. ಬಾವಿಯ ಕತೆ ಶುರುವಾಗಿತ್ತು. ದನಿ ಎರಡು ಮಾತಿಗೊಮ್ಮೆ ಒಡೆಯುತ್ತಿತ್ತು. ಬೀಸುವ ಪದದ ಮೊದಲ ಸೊಲ್ಲಿಗೆ ಹೋಗಿ ಅಲ್ಲೇ ನಿಂತುಹೋಯಿತು. ಮೌನ. ಪರದೆಯ ಮೂಲೆಯಲ್ಲಿ ಅಂಕಿ ಒಂದು. ಆ ಒಂದು ನಾನು. ನಾಗೇಶ ಹೇಳಿದ್ದ ತಡ ನೆನಪಾಯಿತು. ನಾನು ಕೇಳುತ್ತಿರುವ ಈ ಮೌನ ಮನೆಯಲ್ಲಿ ಆಗಲೇ ಮುಗಿದಿರಬೇಕು, ಮುಗಿದು ಏನಾಗಿದೆಯೋ ನನಗೆ ಇನ್ನೂ ತಲುಪಿಲ್ಲ. ಅತ್ತಳೋ, ಎದ್ದುಹೋದಳೋ, ಕುತ್ತಿಗೆಯ ಹೊಲಿಗೆಗೆ ಏನಾದರೂ ಆಯಿತೋ. ಓಡಿಹೋಗೋಣವೆಂದರೆ ನಾನು ಎದ್ದರೆ ಅಂಕಿ ಸೊನ್ನೆಯಾಗುತ್ತದೆ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಕೂತೆ.

ಕೆಮ್ಮು ಕೇಳಿಸಿತು. ಆಮೇಲೆ ಮಾತು.

"ಇದು ನಂದೇ ಗಂಟ್ಲು. ಹೊಸದಾಗಿ ಬಂದಿದೆ, ಇನ್ನೂ ಒಗ್ಗಿಲ್ಲ. ನೀವು ದಿನಾ ಕೇಳೋರು, ಒಸಿ ಅಡ್ಜಸ್ಟ್ ಮಾಡ್ಕಳಿ."

ಕತ್ತಲಾಗುವಷ್ಟರಲ್ಲಿ ಮನೆಗೆ ಬಂದೆ. ಒಬ್ರು ಇದ್ರು ಕಣ್ರೀ ಇವತ್ತೂ, ಎಂದು ಬಾಗಿಲಲ್ಲೇ ಹೇಳಿದಳು. ಕರಿಬೇವು ಎಲ್ಲಿ ಎಂದಳು. ಮರೆತಿದ್ದೆ. ಕೆಲವು ತಿಂಗಳು ಹೀಗೇ ಸಂಜೆ ಸಂಜೆ ಏನಾದರೊಂದು ತರಲು ಹೋಗಿ ಅದನ್ನೇ ಮರೆತು ಬರುತ್ತಿದ್ದೆ. ಆಮೇಲೆ ಹಳೆಯ ಕಂಪ್ಯೂಟರ್ ಕೆಟ್ಟಿತು, ನಾಗೇಶ ಬಿಚ್ಚಿದ, ಜೋಡಿಸಲಾಗಲಿಲ್ಲ. ಕಂಬಳಿ ಕಿಟಕಿಯಿಂದ ಇಳಿಯಿತು.

ಈಗ ತಾರಸಿಯಿಂದ ಮೆಟ್ರೋ ರೈಲು ಹೋಗುವುದು ಕಾಣುತ್ತದೆ. ಅದರ ಕಂಬಗಳ ಕೆಳಗೆ ಯಾರ ರಾಗಿ ಹೊಲವಿತ್ತೆಂದು ನನಗೆ ಗೊತ್ತು, ಕೇಳಿದವನು ನಾನು. ಬಿಸಿಲು ಇಳಿಯುತ್ತಿದೆ. ಕಂಬಳಿಯನ್ನು ಎರಡು ಮಡಿಕೆ ಮಾಡಿದ್ದೇನೆ. ಕೆಳಗಿನಿಂದ "ರೀ..." ಎಂದು ಗೌರಿ ಕರೆದಳು. ಆ ದನಿ ಈಗ ಮೆಟ್ಟಿಲು ಹತ್ತುವಷ್ಟರಲ್ಲಿ ಸವೆದುಹೋಗುತ್ತದೆ, ಕಿವಿ ಕೊಟ್ಟವನಿಗೆ ಮಾತ್ರ ಕೇಳುತ್ತದೆ. ನಾನು ಉತ್ತರ ಕೊಡಲಿಲ್ಲ. ಈಚೆಗೆ ನನ್ನ ಶಿಸ್ತು ಅಷ್ಟು ಸಡಿಲವಾಗಿದೆ. ಕಾದ ಕಂಬಳಿಯನ್ನು ಎದೆಗೆ ಹಿಡಿದು, ಉಸಿರು ಬಿಗಿಹಿಡಿದು, ಅವಳು ಇನ್ನೊಮ್ಮೆ ಕರೆಯಲಿ ಎಂದು ನಿಂತಿದ್ದೇನೆ.