ಹುಳುಕಪ್ಪ ಹುಡುಕಿದ ಪಾಠ

ಟೈಲ್ಸ್ ಅಂಗಡಿಯಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸುವವರು ಅವನಿಗೆ ಇಟ್ಟ ಹೆಸರು ಹುಳುಕಪ್ಪ. ಆ ಹೆಸರು ಅವನ ಕಿವಿಗೂ ಬಿದ್ದಿತ್ತು. ಬಿದ್ದರೂ ಬೇಸರ ಮಾಡಿಕೊಂಡಿರಲಿಲ್ಲ. ಹುಳುಕು ಕಾಣುವುದಕ್ಕೂ ಕಣ್ಣು ಬೇಕಲ್ಲ, ಪೆಟ್ಟಿಗೆ ಹೊರುವ ಈ ಕತ್ತೆಗಳಿಗೆ ಆ ಕಣ್ಣು ಎಲ್ಲಿಂದ ಬರಬೇಕು ಎಂದುಕೊಂಡು ಸುಮ್ಮನಿದ್ದ.

ಅವನ ಕೆಲಸ ಶೋರೂಮಿನ ಮುಂಭಾಗದಲ್ಲಿ. ಬಂದವರಿಗೆ ಅಡುಗೆಮನೆಗೆ ಯಾವುದು, ಬಚ್ಚಲಿಗೆ ಯಾವುದು, ಮೆಟ್ಟಿಲಿಗೆ ಯಾವುದು ಎಂದು ತೋರಿಸಬೇಕು. ಗಿರಾಕಿಗಳ ಎದುರಿಗೆ ಅವನ ಬೆನ್ನು ತಾನಾಗಿಯೇ ಬಾಗುತ್ತಿತ್ತು, ಮಾತು ಬೆಣ್ಣೆಯಾಗುತ್ತಿತ್ತು. ಅವರು ಬಾಗಿಲು ದಾಟಿದರೆ ಸಾಕು, ತುಟಿ ಸೊಟ್ಟಗಾಗುತ್ತಿತ್ತು. ಎರಡು ಬಿಳಿ ಟೈಲ್ಸನ್ನು ಅಕ್ಕಪಕ್ಕ ಇಟ್ಟುಕೊಂಡು ಯಾವುದು ಹೆಚ್ಚು ಬಿಳಿ ಎಂದು ಜಗಳವಾಡುವ ಗಂಡಹೆಂಡಿರು, ಸ್ಯಾಂಪಲ್ ಮನೆಗೆ ಒಯ್ದು, ಮರಳಿ ತಂದು, ಇನ್ನೊಂದು ಒಯ್ಯುವ ಸಂದೇಹದ ಪ್ರಾಣಿಗಳು, ಇಂಟರ್ನೆಟ್ಟಿನಲ್ಲಿ ಓದಿ ಬಂದು ಅವನಿಗೇ ಪಾಠ ಹೇಳುವ ಮಹಾಪಂಡಿತರು. ಇವರನ್ನೆಲ್ಲ ಅವನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದು ರಾತ್ರಿ ಊಟದ ಮೇಜಿನ ಮೇಲೆ ಬಿಚ್ಚುತ್ತಿದ್ದ. ಒಬ್ಬೊಬ್ಬರ ನಡಿಗೆ, ಒಬ್ಬೊಬ್ಬರ ದನಿ, ಮೂಗು ಸೀಟುವ ರೀತಿ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಮಗಳು ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಳ್ಳುತ್ತಿದ್ದಳು. ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ನರ್ಸು. ನಿಂತು ನಿಂತು ದಣಿದು ಬಂದವಳು ಅರ್ಧ ಕಣ್ಣು ಮುಚ್ಚಿಕೊಂಡೇ ಉಣ್ಣುತ್ತಿದ್ದಳು.

ಅವನಿಗೇನು ಇದಕ್ಕಿಂತ ದೊಡ್ಡ ಕೆಲಸ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು ಎಂದು ಅವನ ನಂಬಿಕೆ. ಕಾಲೇಜು ಅರ್ಧಕ್ಕೆ ಬಿಟ್ಟಿದ್ದ, ಮೇಷ್ಟರುಗಳು ದಡ್ಡರೆಂಬ ಕಾರಣಕ್ಕೆ. ಫೋಟೋ ತೆಗೆಯುವುದನ್ನು ಕಲಿಯಲು ಹೋಗಿ ಬಿಟ್ಟ, ಕಲಿಸುವವನಿಗೆ ಬೆಳಕಿನ ಗಂಧವಿಲ್ಲವೆಂದು. ಕಪಾಟಿನ ತುಂಬ ಪುಸ್ತಕ, ಎಲ್ಲದರಲ್ಲೂ ನಡುವಿಗಿಂತ ಮೊದಲೇ ನಿಂತ ಗುರುತಿನ ಪಟ್ಟಿ. ಬರೆದವನಿಗೆ ಮುಂದೆ ಹೇಳಲು ಏನೂ ಇಲ್ಲ ಎಂದು ಅಷ್ಟು ಹೊತ್ತಿಗೆ ಅವನಿಗೆ ಗೊತ್ತಾಗಿಬಿಡುತ್ತಿತ್ತು.

ಇಂಥವನನ್ನು ಒಂದು ದಿನ ಮಗಳ ಕ್ಲಾಸ್ ಟೀಚರ್ ಕರೆಸಿದರು. ಅವರ ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿತ್ತು. ಅದನ್ನು ನೋಡಿದ ಕೂಡಲೇ ಅವನು ಅವರನ್ನು ಅಳೆದು ಮುಗಿಸಿದ್ದ.

"ಹುಡುಗಿ ಚುರುಕು, ಅದರಲ್ಲಿ ಎರಡು ಮಾತಿಲ್ಲ," ಎಂದರು ಟೀಚರ್. "ಆದ್ರೆ ಪಕ್ಕದಲ್ಲಿ ಕೂತವರನ್ನ ತುಂಬಾ ಹೀಯಾಳಿಸ್ತಾಳೆ. ಇಬ್ಬರು ಮಕ್ಕಳು ಅವಳ ಹತ್ರ ಕೂರಲ್ಲ ಅಂತ ಅತ್ತಿದಾರೆ. ಮನೇಲಿ ಸ್ವಲ್ಪ ಹೇಳಿ ನೋಡಿ."

"ದಡ್ಡರನ್ನ ದಡ್ಡರು ಅಂದ್ರೆ ಹೀಯಾಳಿಸೋದಾ?" ಎಂದ ಹುಳುಕಪ್ಪ.

ಮನೆಗೆ ಬಂದವನೇ ಶಾಲೆ ಬಿಡಿಸುವುದಾಗಿ ಸಾರಿದ. ಅದು ಕುರಿಮಂದೆ, ಅಲ್ಲಿ ಕತ್ತು ಎತ್ತಿದವರನ್ನು ಕಂಡರೆ ಕಾಯುವವರಿಗೆ ಹೊಟ್ಟೆಯುರಿ. ಮನೆಯಲ್ಲೇ ಕಲಿಸಿ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರಿಸಿದರೆ ಕಾನೂನು ಬೇಡವೆನ್ನುವುದಿಲ್ಲ.

"ಬಿಡಿಸಿ ಬೇಕಾದ್ರೆ," ಎಂದಳು ಹೆಂಡತಿ. "ಕೂತು ಹೇಳಿಕೊಡೋರು ಯಾರು?"

"ನಾನಿಲ್ವಾ?"

"ಅದಕ್ಕೇ ಕೇಳಿದ್ದು."

ಆ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಫೋನು ತೆಗೆದು ಸಿಲೆಬಸ್ ಹುಡುಕತೊಡಗಿದ್ದ.

ಮೊದಲು ಬಂದದ್ದು ಒಂದು ದೊಡ್ಡ ಡಬ್ಬಿ. ಇವತ್ತು ಏನು ಓದಬೇಕು, ನಾಳೆ ಏನು ಬರೆಯಬೇಕು, ಅಪ್ಪಅಮ್ಮ ಯಾವ ಪ್ರಶ್ನೆ ಕೇಳಬೇಕು, ಮಗು ಯಾವ ಉತ್ತರ ಕೊಟ್ಟರೆ ಬೆನ್ನು ತಟ್ಟಬೇಕು, ಎಲ್ಲ ಅದರೊಳಗಿತ್ತು. "ಶಾಲೇನ ಮಡಚಿ ಪಾರ್ಸೆಲ್ ಮಾಡಿದಾರೆ," ಎಂದು ವಾರದೊಳಗೆ ಅದನ್ನು ಮಂಚದ ಕೆಳಗೆ ತಳ್ಳಿದ. ಆಮೇಲೆ ತರಿಸಿದ್ದು ಹಳೆಯ ಕಾಲದವರು ಓದುತ್ತಿದ್ದರೆಂಬ ಪದ್ಧತಿಯದು, ಬಾಯಿಪಾಠ, ತರ್ಕ, ಸತ್ತ ಭಾಷೆಯೊಂದರ ವ್ಯಾಕರಣ. ಇದು ತನ್ನ ಮಟ್ಟದ್ದು ಎಂದು ಹಿಗ್ಗಿದ. ಮೂರನೆಯ ಪಾಠದಲ್ಲಿ ಮಗಳು, "ಅಪ್ಪ, ಇಲ್ಲಿ ಈ ಪದ ಯಾಕೆ ಬಾಲ ಬದಲಾಯಿಸ್ತು?" ಎಂದು ಕೇಳಿದಳು. ಅವನು ಹಿಂದಿನ ಪುಟ ತಿರುಗಿಸಿದ, ಮುಂದಿನ ಪುಟ ತಿರುಗಿಸಿದ, ಕೊನೆಗೆ ಪುಸ್ತಕ ಮುಚ್ಚಿ, ಹೆಣಕ್ಕೆ ಯಾವ ಬಾಲವಿದ್ದರೇನು ಎಂದ. ಮಗಳು ನಕ್ಕಳು. ಅಲ್ಲಿಗೆ ಅದೂ ಮುಗಿಯಿತು.

ಪ್ರಕೃತಿಯಿಂದಲೇ ಕಲಿಯಬೇಕೆನ್ನುವವರ ಒಂದು ಗುಂಪು ಭಾನುವಾರ ಪಾರ್ಕಿನಲ್ಲಿ ಸೇರುತ್ತಿತ್ತು. ಅಪ್ಪ ಮಗಳು ಅಲ್ಲಿಗೂ ಹೋದರು. ಅಲ್ಲಿ ಒಬ್ಬ ಗಡ್ಡದವನು ಬರಿಗಾಲಲ್ಲಿ ನಡೆಯುತ್ತ ಮಣ್ಣಿನ ಮಹಿಮೆ ಹೇಳಿದ. ಒಬ್ಬ ತಾಯಿ ಇವನ ಮಗಳ ಕೈಗೆ ಒಣಗಿದ ಎಲೆ ಕೊಟ್ಟು, "ಎಲೆ ನಿಂಗೆ ಏನು ಹೇಳ್ತಿದೆ ಪುಟ್ಟಿ?" ಎಂದು ಕೇಳಿದಳು.

"ನಾನು ಸತ್ತಿದೀನಿ, ಬಿಟ್ಬಿಡಿ ಅಂತಿದೆ," ಎಂದಳು ಮಗಳು.

ಹುಳುಕಪ್ಪನಿಗೆ ಆನಂದದಿಂದ ಕಣ್ಣಲ್ಲಿ ನೀರು ಬಂತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕರು. ಮತ್ತೆ ಆ ಪಾರ್ಕಿನ ಕಡೆ ತಲೆ ಹಾಕಲಿಲ್ಲ. ಕಂಪ್ಯೂಟರಿನಲ್ಲಿ ಕಲಿಸುವ ಪ್ರೋಗ್ರಾಮ್ ಒಂದನ್ನು ಹಾಕಿಸಿದ. ಅದರಲ್ಲಿ ಬಣ್ಣದ ಗಿಳಿಯೊಂದು ತಪ್ಪು ಉತ್ತರಕ್ಕೂ ಚಪ್ಪಾಳೆ ತಟ್ಟುತ್ತಿತ್ತು. ಗಿಳಿಯನ್ನು ಅಣಕಿಸುವುದರಲ್ಲಿ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಗಣಿತ ಮಾತ್ರ ಇದ್ದಲ್ಲೇ ಇತ್ತು.

"ಅಂಗಡೀಲಿ ಸ್ಯಾಂಪಲ್ ಒಯ್ದು ಒಯ್ದು ವಾಪಸ್ ತರೋರ ಕಥೆ ಹೇಳ್ತೀರಲ್ಲ," ಎಂದು ಹೆಂಡತಿ ಒಮ್ಮೆ ಹೇಳಿದಳು, "ಅವರ ಮನೇಲಿ ನೆಲಕ್ಕೆ ಏನು ಹಾಕಿರ್ತಾರೆ?"

"ಸಿಮೆಂಟು," ಎಂದು ಅವನು ನಕ್ಕ. ಮಾತು ಎಲ್ಲಿಗೆ ತಾಗಬೇಕಿತ್ತೋ ಅಲ್ಲಿಗೆ ತಾಗಲಿಲ್ಲ.

ಹೆಂಡತಿಗೆ ಮಧ್ಯಾಹ್ನದಿಂದ ಷಿಫ್ಟು. ಆದ್ದರಿಂದ ಮಧ್ಯಾಹ್ನದ ನಂತರ ಮಗಳು ಅಂಗಡಿಗೆ ಬರುತ್ತಿದ್ದಳು. ಸ್ಯಾಂಪಲ್ ಚೌಕಟ್ಟುಗಳ ಹಿಂದೆ ಒಂದು ಸ್ಟೂಲು ಹಾಕಿಕೊಟ್ಟಿದ್ದ. ಪುಸ್ತಕ ತೊಡೆಯ ಮೇಲೆ, ಕಣ್ಣು ಗಿರಾಕಿಗಳ ಮೇಲೆ. ಮುಂದೆ ಬೆಣ್ಣೆ, ಹಿಂದೆ ಸೊಟ್ಟ ತುಟಿ. ಅದನ್ನೆಲ್ಲ ಅವಳು ಒಂದೂ ಬಿಡದೆ ನೋಡುತ್ತಿದ್ದಳು.

ಹಾಗಿರುವಾಗ ಒಬ್ಬ ಮುದುಕರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಯ ಕೈಯಲ್ಲಿ ಊರುಗೋಲು. ಬಚ್ಚಲಲ್ಲಿ ಜಾರಿ ಬಿದ್ದಿದ್ದರಂತೆ, ಜಾರದ ಟೈಲ್ಸ್ ಬೇಕಾಗಿತ್ತು. ಮುದುಕರು ಒಂದೊಂದನ್ನೂ ಅಂಗೈಯಿಂದ ಸವರಿ, ಕೆಳಗಿಟ್ಟು, ಚಪ್ಪಲಿ ಬಿಟ್ಟು ಅದರ ಮೇಲೆ ಕಾಲೂರಿ ನೋಡಿದರು. ಮತ್ತೆ ಮೊದಲನೆಯದನ್ನು ಕೇಳಿದರು.

"ನಿಧಾನವಾಗಿ ನೋಡಿ ಯಜಮಾನ್ರೆ, ನಮಗೇನು ಅವಸರ," ಎಂದ ಹುಳುಕಪ್ಪ. "ಇದೇ ನಮೂನೆ ಇನ್ನೊಂದು ಬಣ್ಣದಲ್ಲಿದೆ, ತರ್ತೀನಿ. ಕೂತ್ಕೊಳ್ಳಿ ಅಮ್ಮ." ಎಂದು ಗೋಡೌನಿಗೆ ಹೋದ.

ಪೆಟ್ಟಿಗೆ ಹಿಡಿದು ಮರಳುವಾಗ ಮಗಳ ದನಿ ಕೇಳಿತು. ಸ್ಟೂಲಿನಿಂದ ಎದ್ದು ಬಂದು ಅವರೆದುರು ನಿಂತಿದ್ದಳು.

"ಬಚ್ಚಲಿಗೆ ಇಷ್ಟೊಂದು ಯೋಚನೆ ಮಾಡ್ತೀರಲ್ಲ, ಅದರ ಮೇಲೆ ಇನ್ನೆಷ್ಟು ದಿನ ನಡೀತೀರಿ?"

ಅದು ಅವನದೇ ಮಾತು. ಹಿಂದಿನ ರಾತ್ರಿ ಬೇರೆ ಯಾರೋ ಮುದುಕರ ಬಗ್ಗೆ ಊಟದ ಮೇಜಿನ ಮೇಲೆ ಹೇಳಿದ್ದು. ನಾಚಿಕೆಗಿಂತ ಮೊದಲು ಅವನಿಗೆ ಹೊಳೆದದ್ದು, ತನಗಿಂತ ಇವಳೇ ಚೆನ್ನಾಗಿ ಹೇಳಿದಳು ಎಂಬುದು. ನಗು ತುಟಿಯವರೆಗೆ ಬಂದೇಬಿಟ್ಟಿತ್ತು.

ಮುದುಕಿ ಸಿಟ್ಟಾಗಲಿಲ್ಲ. ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೇಳಿದರು, "ಯಾವ ಕ್ಲಾಸು ಮಗು ನೀನು?"

"ನಾನು ಶಾಲೆಗೆ ಹೋಗಲ್ಲ. ಮನೇಲೇ ಕಲಿಯೋದು. ಅಪ್ಪ ಕಲಿಸ್ತಾರೆ."

"ಗೊತ್ತಾಗ್ತಿದೆ," ಎಂದರು ಮುದುಕಿ. ಹಾಗೆನ್ನುವಾಗ ನೋಡಿದ್ದು ಮಗಳನ್ನಲ್ಲ, ಪೆಟ್ಟಿಗೆ ಹಿಡಿದು ನಿಂತಿದ್ದ ಅವನನ್ನು.

ಮುದುಕರು ಚಪ್ಪಲಿ ಮೆಟ್ಟಿದರು. ನೆಲದ ಮೇಲಿದ್ದ ಸ್ಯಾಂಪಲ್ಲುಗಳನ್ನು ಬಗ್ಗಿ ಎತ್ತಿ, ಯಾವ ಜಾಗದಲ್ಲಿ ಯಾವುದಿತ್ತೋ ಅಲ್ಲೇ ಇಟ್ಟು, ಹೆಂಡತಿಯ ತೋಳು ಹಿಡಿದು ಹೊರಟರು. ಹುಳುಕಪ್ಪ ಬಾಗಿಲವರೆಗೆ ಓಡಿದ.

"ಅಮ್ಮ, ಹುಡುಗಾಟದ ಮಾತು. ತಪ್ಪು ತಿಳ್ಕೋಬೇಡಿ."

"ತಪ್ಪು ತಿಳ್ಕೊಳ್ಳೋಕೆ ಏನಿದೆ?" ಎಂದರು ಆಕೆ. "ಸ್ಪಷ್ಟವಾಗೇ ಹೇಳಿದ್ಲು."

ಅವನು ಒಳಗೆ ಬಂದು ಮಗಳ ಮೇಲೆ ಹರಿಹಾಯ್ದ. ದೊಡ್ಡವರ ಮುಂದೆ ಹಾಗೆ ಮಾತಾಡಬಹುದಾ, ನಾಲಿಗೆಗೆ ಮೂಳೆ ಇಲ್ಲವಾ ಎಂದ. ಅವಳಿಗೆ ಅರ್ಥವಾಗಲಿಲ್ಲ.

"ನೀನೇ ಹೇಳಿದ್ದಲ್ವಾ ಅಪ್ಪ? ನಿನ್ನೆ ನಕ್ಕಿದ್ವಲ್ಲ?"

"ಮನೇಲಿ ಹೇಳೋದು ಬೇರೆ, ಇಲ್ಲಿ ಬೇರೆ."

"ಅಂದ್ರೆ ಮುಂದೆ ಹಲ್ಲು ಕಿರೀಬೇಕು, ಹೋದ ಮೇಲೆ ಬೈಬೇಕು, ಹಾಗಾ?"

ವ್ಯಂಗ್ಯವಾಗಿ ಕೇಳಿದ್ದಲ್ಲ. ಲೆಕ್ಕದ ನಿಯಮ ಕೇಳುವ ಹಾಗೆ ಕೇಳಿದ್ದಳು. ತಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ಎಂದು ಮಾಡಿಯೇ ತೋರಿಸಿದಳು. ಬೆನ್ನು ಬಾಗಿಸಿ, ಎರಡೂ ಕೈ ಹೊಟ್ಟೆಯ ಮೇಲೆ ಹೊಸೆದುಕೊಂಡು, ಕತ್ತು ಒಂದು ಪಕ್ಕಕ್ಕೆ ವಾಲಿಸಿ, "ಬನ್ನಿ ಸಾರ್, ಬನ್ನಿ ಮೇಡಂ, ನಮಗೇನು ಅವಸರ" ಎಂದಳು. ಆಮೇಲೆ ತಿರುಗಿ ತುಟಿ ಸೊಟ್ಟ ಮಾಡಿದಳು.

ಗೋಡೌನಿನ ಬಾಗಿಲಲ್ಲಿ ನಿಂತಿದ್ದ ಹೊರುವವರು ಗೊಳ್ಳೆಂದು ನಕ್ಕರು. ಒಬ್ಬನಂತೂ ನಗು ತಾಳಲಾರದೆ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಹುಳುಕಪ್ಪ ಅಷ್ಟು ವರ್ಷ ಎಷ್ಟೋ ಜನರ ನಡಿಗೆ ನಡೆದು ತೋರಿಸಿದ್ದ. ತನ್ನದು ಹೇಗಿದೆಯೆಂದು ಅವತ್ತು ನೋಡಿದ. ಅದರಲ್ಲಿ ಹುಳುಕು ಹುಡುಕುವ ಕಷ್ಟವೂ ಇರಲಿಲ್ಲ.

ಆ ಮುದುಕರು ಮುಂದಿನ ವಾರ ಮತ್ತೆ ಬಂದರು. ಜಾರದ ಟೈಲ್ಸ್ ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಕ್ಕಿರಲಿಲ್ಲವಂತೆ. ಇನ್ನೊಬ್ಬ ಕೆಲಸಗಾರನನ್ನು ಕರೆದು ಕೊಂಡುಕೊಂಡರು. ಮುದುಕಿ ಕಂಬವನ್ನು ದಾಟುವ ಹಾಗೆ ಹುಳುಕಪ್ಪನನ್ನು ದಾಟಿ ಹೋದರು.

ಆದರೆ ಅದಕ್ಕೆ ಮೊದಲೇ, ಅವರು ಮೊದಲ ಸಲ ಬಂದ ದಿನವೇ, ಊಟಕ್ಕೆ ಕೂತಾಗ ಮಗಳು ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದ್ದಳು. ತಮಾಷೆಯೆಂದೇ ಹೇಳಿದ್ದಳು. ಹೆಂಡತಿಯ ಕಣ್ಣು ಪೂರ್ತಿ ತೆರೆಯಿತು. ತಟ್ಟೆ ಪಕ್ಕಕ್ಕಿಟ್ಟಳು.

"ನಾಳೆಯಿಂದ ಪಾಠ ನಾನು ನೋಡ್ಕೋತೀನಿ," ಎಂದಳು.

"ಯಾವ ಸಿಲೆಬಸ್?" ಎಂದು ಅವನು ಕೇಳಿದ. ಇನ್ನೇನು ಕೇಳಬೇಕೆಂದು ತಿಳಿಯಲಿಲ್ಲ.

"ಯಾವುದೋ ಒಂದು. ನೀವು ಕಲಿಸಿದ್ದು ಮರೆಯೋಕೆ ಯಾವುದಾದ್ರೂ ಆದೀತು."

ಆಸ್ಪತ್ರೆಯ ಅಡುಗೆಯವಳು ತನ್ನ ಮೂವರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಿದ್ದಳು. ಗಂಡ ಸೇತುವೆ ಕಟ್ಟುವ ಕೆಲಸದವನು, ಕೆಲಸ ಹೋದಲ್ಲೆಲ್ಲ ಸಂಸಾರವೂ ಹೋಗಬೇಕು, ಯಾವ ಶಾಲೆಯಲ್ಲಿ ವರ್ಷ ಮುಗಿಸುವುದು? ಹುಳುಕಪ್ಪನ ಹೆಂಡತಿ ಯಾವ ಪುಸ್ತಕ ತರಲಿ ಎಂದು ಅವಳನ್ನು ಕೇಳಿದಳು. ಅವಳು ಪುಸ್ತಕದ ಹೆಸರು ಹೇಳಲಿಲ್ಲ, ತಾನೇ ಪ್ರಶ್ನೆ ಕೇಳಿದಳು.

"ಪುಸ್ತಕ ಆಮೇಲೆ ನೋಡೋಣ ಸಿಸ್ಟರ್. ನಿಮ್ಮ ಮನೇಲಿ ಯಾವ ಹೊತ್ತು ಖಾಲಿ ಇರತ್ತೆ? ಯಾರಿಗೆ ಬೇಗ ಸಿಟ್ಟು ಬರತ್ತೆ? ಹುಡುಗಿ ಗಟ್ಟಿಯಾಗಿ ಓದ್ತಾಳಾ, ಬಾಯಿ ಮುಚ್ಕೊಂಡು ಓದ್ತಾಳಾ? ನಿಮಗೆ ಲೆಕ್ಕ ಬರತ್ತಾ?"

"ಬೆಳಿಗ್ಗೆ ನಾನು ಹೊರಡೋವರೆಗೆ. ಲೆಕ್ಕ ಅಷ್ಟಕ್ಕಷ್ಟೆ. ಸಿಟ್ಟು ನಂಗೆ ಬರಲ್ಲ, ನಿದ್ದೆ ಬರತ್ತೆ."

"ಹಾಗಾದ್ರೆ ದಪ್ಪ ಪುಸ್ತಕ ಬೇಡ ಬಿಡಿ. ಉತ್ತರ ಹಿಂದೆ ಇರೋದೇ ತಗೊಳ್ಳಿ, ಇಬ್ಬರೂ ನೋಡ್ಕೋಬಹುದು."

ತೆಳುವಾದ ನಾಲ್ಕು ಪುಸ್ತಕ ಬಂದವು. ಅಗ್ಗದ ಕಾಗದ. ಚಿತ್ರದಲ್ಲಿದ್ದ ಹಸುವಿಗೂ ನಾಯಿಗೂ ಕೋಡೊಂದೇ ವ್ಯತ್ಯಾಸ. ಹುಳುಕಪ್ಪ ಎತ್ತಿಕೊಂಡು ಪುಟ ತಿರುವಿದ. ನಾಲಿಗೆಯ ತುದಿಗೆ ಮಾತು ಬಂದು ಕುಳಿತಿತ್ತು.

"ಹೇಳಿ," ಎಂದಳು ಹೆಂಡತಿ, ಅವನ ಮುಖವನ್ನೇ ನೋಡುತ್ತ.

"ಏನಿಲ್ಲ."

ಬಿಕ್ಕಳಿಕೆ ತಡೆದವನಂತೆ ಅವತ್ತೆಲ್ಲ ಒದ್ದಾಡಿದ.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು. ಮೊದಲ ವಾರವೇ ಅಮ್ಮ ಭಿನ್ನರಾಶಿಯಲ್ಲಿ ಸಿಕ್ಕಿಬಿದ್ದಳು.

"ನಿಂಗೆ ಇದೂ ಬರಲ್ವಾ?" ಎಂದಳು ಮಗಳು, ಅಪ್ಪನ ತುಟಿಯನ್ನೇ ಇಟ್ಟುಕೊಂಡು.

"ಬರಲ್ಲ. ನಿಂಗೆ ಬರತ್ತಾ?"

"ಇಲ್ಲ."

"ಸರಿ ಹಾಗಾದ್ರೆ. ಇಬ್ಬರಿಗೂ ಬರಲ್ಲ. ಈಚೆ ಸರಿ, ಹಿಂದಿನ ಪುಟ ನೋಡೋಣ."

ಮಗಳು ಒಂದು ಕ್ಷಣ ಕಾದಳು. ಅಮ್ಮ ನಾಚಿಕೊಳ್ಳಲಿಲ್ಲ, ಪುಸ್ತಕವನ್ನೂ ಬೈಯಲಿಲ್ಲ. ಹುಡುಗಿ ಮುಂದೇನು ಮಾಡಬೇಕೆಂದು ತೋಚದೆ ಈಚೆ ಸರಿದಳು.

ಮಧ್ಯಾಹ್ನ ಅಂಗಡಿಗೆ ಹೋಗುವುದೂ ನಿಂತಿತು. ಅಡುಗೆಯವಳ ಮೂವರು ಮಕ್ಕಳನ್ನು ಅವರಜ್ಜಿ ನೋಡಿಕೊಳ್ಳುತ್ತಿದ್ದಳು, ಇವಳೂ ಅಲ್ಲಿಗೇ. ಎರಡನೆಯ ದಿನವೇ ಅಳುತ್ತ ಬಂದಳು. ಅವರ ಓದಿನ ಬಗ್ಗೆ ಏನೋ ಕೊಂಕು ಆಡಿದ್ದಕ್ಕೆ ನಡುವಿನವಳು, "ನೀನು ಇರೋವಾಗ ನಮಗೆ ಆಟ ಆಡೋಕೆ ಆಗಲ್ಲ, ಗೋಡೆ ಕಡೆ ಕೂತ್ಕೋ" ಎಂದಿದ್ದಳಂತೆ. ಹುಳುಕಪ್ಪ ಚಪ್ಪಲಿ ಮೆಟ್ಟಿದ. ಅಡುಗೆಯವಳ ಮಕ್ಕಳು ಇವಳಿಗೆ ಹೇಳುವುದೆಂದರೆ ಏನು?

"ಕೂತ್ಕೊಳ್ಳಿ," ಎಂದಳು ಹೆಂಡತಿ. ಅವನು ಕೂತ. ಮಾರನೆಯ ದಿನ ಮಗಳು ತಾನೇ ಹೋದಳು. ಎಷ್ಟು ಹೊತ್ತು ಗೋಡೆ ಕಡೆ ಕೂತಿದ್ದಳೋ ಹೇಳಲಿಲ್ಲ. ಬರುವಾಗ ಮಂಡಿ ತರಚಿಕೊಂಡು ಬಂದಿದ್ದಳು, ಅದನ್ನು ಯಾರೋ ತೊಳೆದು ಬಟ್ಟೆ ಕಟ್ಟಿದ್ದರು.

ಊಟದ ಮೇಜಿನ ಆಟ ಮಾತ್ರ ಕಳೆಗುಂದಿತು. ಒಂದು ದಿನ ಹುಳುಕಪ್ಪ ತಡೆಯಲಾರದೆ ಸೀನುತ್ತ ಸೀನುತ್ತ ಚೌಕಾಸಿ ಮಾಡಿದ ಒಬ್ಬ ವಕೀಲರನ್ನು ಮಾಡಿ ತೋರಿಸಿದ. ಚೆನ್ನಾಗಿಯೇ ಮಾಡಿದ. ಮಗಳು ನಕ್ಕಳು, ನಗುತ್ತಲೇ ಅಮ್ಮನ ಕಡೆ ನೋಡಿದಳು, ಅರ್ಧಕ್ಕೆ ನಿಲ್ಲಿಸಿ ನೀರು ಕುಡಿದಳು. ಸೀನು ಅವನ ಮೂಗಿನಲ್ಲೇ ಉಳಿಯಿತು.

ಅವನು ಬದಲಾದನೆಂದು ಯಾರೂ ತಿಳಿಯಬಾರದು. ಆ ಪುಸ್ತಕಗಳ ಬಗ್ಗೆ, ಆ ಮಕ್ಕಳ ಬಗ್ಗೆ, ಭಿನ್ನರಾಶಿ ಬಾರದ ಹೆಂಡತಿಯ ಬಗ್ಗೆ ಅವನಿಗಿದ್ದ ತಾತ್ಸಾರ ಒಂದು ಗುಲಗಂಜಿಯಷ್ಟೂ ಕರಗಲಿಲ್ಲ. ಹೇಳಿಕೊಳ್ಳಲು ಕಿವಿ ಸಿಗಲಿಲ್ಲ, ಅಷ್ಟೆ. ವರ್ಷದ ಪರೀಕ್ಷೆ ಬರಲಿ, ಆಗ ಎಲ್ಲರ ಕಣ್ಣು ತೆರೆಯುತ್ತದೆ ಎಂದು ಕಾದ. ಮಗಳು ನಪಾಸಾದರೆ ತಾನು ಹೇಳಿದ್ದೇ ಸರಿ, ಮೊದಲನೆಯವಳಾದರೆ ಅದು ತನ್ನ ರಕ್ತ.

ಅವಳು ಎರಡೂ ಆಗಲಿಲ್ಲ. ನಡುವೆ ಎಲ್ಲೋ ಪಾಸಾದಳು.

"ಇಷ್ಟೇನಾ?" ಎಂದ ಹುಳುಕಪ್ಪ, ಅಂಕಗಳನ್ನು ಮೇಲಿಂದ ಕೆಳಕ್ಕೆ ಎರಡು ಸಲ ನೋಡಿ.

"ಇಷ್ಟೇ ಅಪ್ಪ," ಎಂದಳು ಮಗಳು. ದನಿಯಲ್ಲಿ ದುಃಖವೂ ಇರಲಿಲ್ಲ, ಕೊಂಕೂ ಇರಲಿಲ್ಲ. ಕೆಳಗಿನಿಂದ ಅಡುಗೆಯವಳ ನಡುವಿನ ಮಗಳು ಕೂಗುತ್ತಿದ್ದಳು. ಇವಳು ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಹೋದಳು.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಮುಂದಿನ ವರ್ಷದ ಪುಸ್ತಕಗಳನ್ನು ಆಗಲೇ ತಂದು ಮೇಜಿನ ಮೇಲಿಟ್ಟಿದ್ದಳು. ಹುಳುಕಪ್ಪ ಸದ್ದಾಗದಂತೆ ಕುರ್ಚಿ ಎಳೆದುಕೊಂಡು ಕೂತು, ಮೇಲಿನದನ್ನು ತೆಗೆದು, ಮೊದಲ ಪುಟದಿಂದ ತಪ್ಪು ಹುಡುಕತೊಡಗಿದ. ಸಾಕಷ್ಟು ಸಿಕ್ಕವು. ಮನಸ್ಸಿಗೆ ಎಷ್ಟೋ ಹಗುರವೆನಿಸಿತು.