ಅಪ್ಪ ಹಾಸಿದ ನೆಲ

ಎದುರು ಮನೆಯವರು ಹೊಸ ಕೋಣೆ ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆ ನೀರು ಹೊಡೆದ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬಂದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಹಸಿ ಸಿಮೆಂಟು ಎಂದರೆ ಎಲ್ಲರಿಗೂ ಹೊಸ ಮನೆಯ ಸಂಭ್ರಮ. ನನಗೆ ಮಾತ್ರ ಗೋಕಾಕದ ನಮ್ಮ ಮನೆ ನೆನಪಾಗಿ, ನನ್ನ ಆಯಿ, ಅಂದರೆ ಅಪ್ಪನ ತಾಯಿ, ನೆನಪಾಗುತ್ತಾಳೆ.

ಅಪ್ಪ ಬಸ್ ಕಂಡಕ್ಟರ್. ಗೋಕಾಕಕ್ಕೆ ವರ್ಗವಾದಾಗ ಬೆಲ್ಲದ ಬಾಗೇವಾಡಿಯ ಮನೆ ಬಿಟ್ಟು ಅಲ್ಲೊಂದು ಹಳೆಯ ಮನೆ ಕೊಂಡೆವು. ನನಗಾಗ ಹತ್ತು ವರ್ಷ. ಆಯಿಗೆ ಕಣ್ಣು ಹೋಗಿ ಆಗಲೇ ಬಹಳ ಕಾಲವಾಗಿತ್ತು. ಆದರೆ ಆಕೆ ಯಾರ ಕೈಯನ್ನೂ ಹಿಡಿದವಳಲ್ಲ, ಗೋಡೆ ತಡಕಾಡಿದ್ದನ್ನೂ ನಾನು ನೋಡಿರಲಿಲ್ಲ. ಕೈ ಕೊಡಲು ಹೋದರೆ "ನನಗ ಕಾಲ ಅದಾವ, ಬಿಡ" ಎಂದು ಕೊಸರಿಕೊಳ್ಳುತ್ತಿದ್ದಳು. ಹೊಸ ಮನೆಗೆ ಬಂದ ದಿನವೇ ಬರಿಗಾಲಲ್ಲಿ ಇಡೀ ಮನೆ ಸುತ್ತಿದಳು. ಪಡಸಾಲೆಗೆ ಒರಟು ಫರಸಿಕಲ್ಲು, ನಡುಮನೆಗೆ ಸೆಗಣಿ ಸಾರಿಸಿದ ಮಣ್ಣಿನ ನೆಲ, ಅಡುಗೆಮನೆಗೆ ತಣ್ಣನೆಯ ಗಚ್ಚು, ಬಚ್ಚಲ ಕಡೆಗೆ ಸಣ್ಣ ಇಳಿಜಾರು. ವಾರ ಕಳೆಯುವಷ್ಟರಲ್ಲಿ ಮನೆಯೆಲ್ಲ ಅವಳ ಅಂಗಾಲಿಗೆ ಬಾಯಿಪಾಠವಾಗಿತ್ತು. ತಾನೇ ಎದ್ದು ದೇವರಿಗೆ ದೀಪ ಹಚ್ಚುತ್ತಿದ್ದಳು, ತಾನೇ ನೀರು ತುಂಬಿಕೊಂಡು ಕುಡಿಯುತ್ತಿದ್ದಳು, ನಾನು ಬೆಲ್ಲ ಕದಿಯುವಾಗ ಸದ್ದಿಲ್ಲದೆ ಹಿಂದೆ ಬಂದು ನಿಲ್ಲುತ್ತಿದ್ದಳು. ಅವಳು ಕಾಲಿನಿಂದ ನೋಡುತ್ತಾಳೆ ಎಂಬುದು ನಮಗ್ಯಾರಿಗೂ ಹೊಳೆಯಲೇ ಇಲ್ಲ.

ಒಂದು ದಿನ ಪಡಸಾಲೆಯಲ್ಲಿ ಮೇಲೆದ್ದ ಫರಸಿಗೆ ಎಡವಿ ಆಯಿಯ ಹೆಬ್ಬೆರಳಿನ ಉಗುರು ಕಿತ್ತುಬಂತು. ರಕ್ತ ನೋಡಿದ್ದೇ ತಡ, ಅಪ್ಪ ಮನೆಗೆಲ್ಲ ಟೈಲ್ಸ್ ಹಾಕುವ ಹಟ ಹಿಡಿದ. ಅದೂ ತನ್ನ ಕೈಯಿಂದಲೇ. ಟಿಕೆಟ್ ಹರಿಯುವುದರ ಹೊರತು ಬೇರೆ ಕೆಲಸ ಗೊತ್ತಿರದ ಮಹಾರಾಯ, ಗೌಂಡಿಗಳು ಗಾರೆ ಕೆಲಸ ಮಾಡುವಲ್ಲಿ ಎರಡು ದಿನ ನಿಂತು ನೋಡಿ ಬಂದ. ಆಯಿಯನ್ನು ಹುಕ್ಕೇರಿಯ ನನ್ನ ಸೋದರತ್ತೆಯ ಮನೆಗೆ ಬಿಟ್ಟು ರಜೆ ಹಾಕಿದ. "ಆಯಿ ಬರೂದ್ರಾಗ ಮುಗಸೂನು. ಆಕಿಗೆ ಯಾರೂ ಹೇಳಬ್ಯಾಡ್ರಿ" ಎಂದು ನಮಗೆಲ್ಲ ತಾಕೀತು ಮಾಡಿದ. ಅವ್ವ ಸಿಮೆಂಟು ಕಲಸಿದಳು, ನಾನು ನೀರು ಹೊತ್ತೆ. ಹೊಸ್ತಿಲಿನಿಂದ ಬಚ್ಚಲವರೆಗೆ ಒಂದೇ ಬಣ್ಣ, ಒಂದೇ ನುಣುಪು, ಒಂದೇ ಮಟ್ಟ. ಬೆರಳ ತುದಿಗಳ ಚರ್ಮ ಸುಲಿದಿದ್ದರೂ ಅಪ್ಪ ಹಾಡು ಗುನುಗುತ್ತಿದ್ದ. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಹುಕ್ಕೇರಿಯಿಂದ ಬಂದ ಆಯಿ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟು ನಿಂತಳು. ಇನ್ನೊಂದು ಇಟ್ಟು, ಪಾದದಿಂದ ನೆಲ ಸವರಿದಳು. ಅಪ್ಪ ಬಾಯಿತುಂಬ ನಗುತ್ತ ಕಾಯುತ್ತಿದ್ದ. "ಇದ್ಯಾರ ಮನಿಗಿ ಕರ್ಕೊಂಡ ಬಂದಿಪಾ?" ಎಂದಳು. ಮೆಚ್ಚಿಕೊಂಡೇ ಅಂದಳೆಂದು ನಾವೆಲ್ಲ ನಕ್ಕೆವು. ಅವತ್ತೇ ದೇವರ ಮುಂದೆ ಹೋಗಲು ಹೊರಟು ಗೋಡೆಗೆ ಹಣೆ ಬಡಿದುಕೊಂಡಳು. ಮರುದಿನ ನೀರಿಗೆಂದು ಹೋದವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮೂರನೆಯ ದಿನ ನಡುಮನೆಯಲ್ಲಿ, ಯಾವ ಕಡೆಗೂ ತಿರುಗಲಾಗದೆ, ಗಾಳಿಯಲ್ಲಿ ಕೈ ಚಾಚಿ, "ತಂಗಿ, ನಾ ಎಲ್ಲಿ ಅದೇನಿ?" ಎಂದು ನನ್ನನ್ನು ಕೇಳಿದಳು. ಆಗ ಅಪ್ಪನಿಗೆ ತಿಳಿಯಿತು. ಅವನು ತನ್ನ ಕೈಗಳನ್ನೇ ನೋಡುತ್ತ ನಿಂತುಬಿಟ್ಟ.

ಪ್ರೀತಿಯಿಂದ ಕೆಡಿಸಿದ್ದನ್ನು ಸರಿಮಾಡುವುದು ಹೇಗೆಂದು ನಿಮಗೇನಾದರೂ ಗೊತ್ತೇ? ನಮಗೆ ಗೊತ್ತಾಗಲಿಲ್ಲ. ಅವ್ವ ದಾರಿಗುಂಟ ಗೋಣಿತಟ್ಟು ಹಾಸಿದಳು, ಅವು ಜಾರಿದವು. ಅಪ್ಪ ಗೋಡೆಗುಂಟ ಹಗ್ಗ ಕಟ್ಟಿದ; "ನಾ ಏನ ದನಾ ಏನೋ?" ಎಂದು ಆಯಿ ಅದನ್ನು ಮುಟ್ಟಲೇ ಇಲ್ಲ. ಕೊನೆಗೆ ಹಾರೆ ತಂದು ನಡುಮನೆಯ ಎರಡು ಟೈಲ್ಸ್ ಕಿತ್ತ. ಕೆಳಗೆ ಮಣ್ಣಿರಲಿಲ್ಲ, ಕಲ್ಲಾದ ಸಿಮೆಂಟಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅಪ್ಪ ಸಣ್ಣ ಹುಡುಗನಂತೆ ಅತ್ತ. ಹಾರೆಯ ಸಪ್ಪಳ ಕೇಳಿದ್ದ ಆಯಿ ಕೂತಲ್ಲಿಂದಲೇ ಗದರಿದಳು: "ಕೀಳಬ್ಯಾಡೋ. ಕಷ್ಟಪಟ್ಟ ಹಾಕೀದಿ. ಇರಲಿ ಬಿಡ."

ಆಮೇಲೆ ಆಯಿ ಬದುಕಿದ್ದು ಎರಡೇ ವರ್ಷ. ಪಡಸಾಲೆಯ ಮೂಲೆಯಲ್ಲಿ ಹಾಸಿದ್ದ ಕೌದಿ ಬಿಟ್ಟು ತಾನಾಗಿ ಒಂದು ದಿನವೂ ಏಳಲಿಲ್ಲ. ದೀಪ ಅವ್ವ ಹಚ್ಚಿದಳು. ಬಚ್ಚಲಿಗೆ ನಾನು ಕೈಹಿಡಿದು ಒಯ್ಯುತ್ತಿದ್ದೆ. ಆಟದ ನಡುವೆ ಕರೆದಳೆಂದು ಎಷ್ಟೋ ಸಲ ಆ ಕೈಯನ್ನು ಸಿಟ್ಟಿನಿಂದ ಜಗ್ಗಿದ್ದೇನೆ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಕೆ ಮಾತ್ರ ಮನೆಗೆ ಯಾರೇ ಬರಲಿ, ಪಕ್ಕದ ನೆಲವನ್ನು ಅಂಗೈಯಿಂದ ಸವರುತ್ತ, "ಕೆಳಗ ನೋಡ್ರಿ, ನನ್ನ ಮಗಾ ತನ್ನ ಕೈಲೆ ಹಾಕ್ಯಾನ. ಭಾಳ ಚಂದ ಆಗೇತಂತ" ಎನ್ನುತ್ತಿದ್ದಳು. ಬಂದವರು ನೋಡಿ ಹೌದೆನ್ನುತ್ತಿದ್ದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ.