ಅಮ್ಮನ ಬಲಗಡೆ

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನನ್ನ ಎಡ ಎದೆಯಲ್ಲಿ ಹುಣಿಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ ಗಂಟೇ ಕೆಟ್ಟದ್ದು ಎಂದು ಯಾರೋ ಅಂದದ್ದು ನೆನಪಾಗಿ ಒದ್ದೆ ಕೂದಲಲ್ಲೇ ಹೊರಗೆ ಓಡಿಬಂದೆ. ಯಜಮಾನರು ಕುವೆಂಪುನಗರದ ಮನೆಯಿಂದ ಸ್ಕೂಟರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಮ್ಯಾಮೊಗ್ರಾಂ ಆಯಿತು. ಅದನ್ನು ಕಂಪ್ಯೂಟರಿನಲ್ಲಿ ನೋಡಿದ ಡಾಕ್ಟರಮ್ಮ, "ಶುಕ್ರವಾರ ಬಯಾಪ್ಸಿ ಮಾಡ್ಬಿಡೋಣ. ಸೂಜೀಲಿ ಚೂರು ತೆಗೆದು ನೋಡಿದ್ರೇನೇ ಗೊತ್ತಾಗೋದು" ಎಂದರು.

ಗಂಟಿಗೆ ಸೂಜಿ ತಾಗಿದರೆ ಮೈಯೆಲ್ಲ ಹರಡುತ್ತದೆ ಎಂಬ ಮಾತು ಕೇಳಿಕೊಂಡೇ ಬೆಳೆದವಳು ನಾನು. ಹಾಗೇನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಸಂಜೆ ಕೃಷ್ಣಮೂರ್ತಿಪುರಂನ ಅಮ್ಮನವರ ಗುಡಿಗೆ ಹೋದೆ. ಅಲ್ಲಿ ಮನಸ್ಸಿನಲ್ಲೇ ಪ್ರಶ್ನೆ ಕೇಳಿ ಕಾಯಬೇಕು. ಅಮ್ಮನ ಮುಡಿಯ ಹೂವು ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡವೆಂದು ಅರ್ಥ. ಸೂಜಿ ಹಾಕಿಸಲಾ ತಾಯಿ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಒಂದು ಕಣಗಿಲೆ ನನ್ನ ಎಡಗೈ ಕಡೆಗೆ ಬಿತ್ತು. ಬಿದ್ದದ್ದೇ ತಡ, ಎದ್ದು ಬಂದೆ. ನಿಜ ಹೇಳುತ್ತೇನೆ, ಬೇಡ ಅನ್ನಿಸಿಕೊಳ್ಳಲೆಂದೇ ನಾನು ಹೋಗಿದ್ದು.

"ಶುಕ್ರವಾರ ನಾ ಬರಲ್ಲ ಕಣ್ರೀ. ಅಮ್ಮನೇ ಬೇಡ ಅಂದ್ಬುಟ್ಟಿದ್ದಾಳೆ" ಎಂದೆ. ಯಜಮಾನರು ಅರ್ಧ ಊಟಕ್ಕೇ ಎದ್ದುಬಿಟ್ಟರು.

ಗುರುವಾರ ಮ್ಯಾಮೊಗ್ರಾಂ ಫಿಲ್ಮ್ ತರಲು ಆಸ್ಪತ್ರೆಗೆ ಹೋದೆವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬಿಳಿ ಚುಕ್ಕೆ ಬಲಗಡೆ ಇದೆ! "ನಂಗೆ ಗಂಟಿರೋದು ಎಡಗಡೆ. ಯಾರದೋ ಫಿಲ್ಮ್ ಕೊಟ್ಬುಟ್ಟಿದ್ದೀರಲ್ಲಮ್ಮ!" ಎಂದು ಮ್ಯಾಮೊಗ್ರಾಂ ತೆಗೆದ ಹೆಂಗಸಿನ ಮೇಲೆ ರೇಗಿದೆ. ಒಳಗೊಳಗೇ ಕುಣಿಯುವಷ್ಟು ಸಂತೋಷವಾಗಿತ್ತು.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ದೇ ಕಣಮ್ಮ. ಇದ್ರಲ್ಲಿ ನೀವು ನಮ್ಮೆದುರಿಗೆ ನಿಂತಿರೋ ಹಂಗೆ ಇರುತ್ತೆ. ನಿಮ್ಮ ಎಡ, ನೋಡೋರಿಗೆ ಬಲ" ಎಂದರು.

ಫಿಲ್ಮ್ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತೆ. ಅಮ್ಮನೂ ನನ್ನ ಎದುರಿಗೇ ತಾನೆ ಕೂತಿದ್ದದ್ದು! ನನ್ನ ಎಡವೆಂದರೆ ಅವಳ ಬಲ. ಬಲ ಎಂದರೆ ಅಮ್ಮನ ಬಲ ಎಂದು ಇಷ್ಟು ವರ್ಷ ಗುಡಿಗೆ ಬಂದುಹೋಗುವವರಿಗೆಲ್ಲ ಹೇಳಿಕೊಟ್ಟವಳೇ ನಾನು. ಹೆದರಿಕೆಯಲ್ಲಿ ನನ್ನ ಕೈಯನ್ನೇ ನೋಡಿಕೊಂಡಿದ್ದೆ. ಮಾಡಿಸಿಕೋ ಎಂದೇ ಅವಳು ಹೇಳಿದ್ದಳು.

ಶುಕ್ರವಾರ ಯಜಮಾನರ ಕೈ ಹಿಡಿದುಕೊಂಡು ಒಳಗೆ ಹೋದೆ. ಕೆಲವು ದಿನಕ್ಕೆ ರಿಪೋರ್ಟ್ ಬಂತು. ಗಂಟು ಕ್ಯಾನ್ಸರೇ ಆಗಿತ್ತು. ಆಪರೇಷನ್ ಆದ ಮೇಲೆ ಡಾಕ್ಟರಮ್ಮ, "ಬೇರೆಲ್ಲೂ ಹರಡಿಲ್ಲ. ಬೇಗ ಬಂದದ್ದು ಒಳ್ಳೇದಾಯ್ತು" ಎಂದಾಗ ಗೊಳೋ ಎಂದು ಅತ್ತೆ.

ಭಕ್ತಬಾಂಧವರೇ, ನಾನು ಬೇಡಿದ್ದು ಸಿಗಲಿಲ್ಲ, ಜೀವ ಸಿಕ್ಕಿತು. ಪ್ರತಿ ಸಲ ಪರೀಕ್ಷೆಗೆ ಹೋಗುವ ದಿನ ಈಗಲೂ ಹೆದರಿಕೆಯಾಗುತ್ತದೆ. ಮೊದಲು ಗುಡಿಗೆ ಹೋಗಿ ಕೈ ಮುಗಿಯುತ್ತೇನೆ. ಪ್ರಶ್ನೆ ಕೇಳುವುದಿಲ್ಲ. ಅವಳು ಒಮ್ಮೆ ಹೇಳಿಯಾಗಿದೆ.